ನನ್ನ ನೆಗಡಿ, ಅತ್ತೆಯ ಮೊಣಕಾಲು

ನನ್ನ ನೆನಪಿನ ಮೇಲೆ ನನಗೇ ಪೂರ್ತಿ ಭರವಸೆ ಇಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮುಂದೆ ಬರುವ ಬಾಟಲಿಯನ್ನು ಕಂದು ಬಣ್ಣದ್ದು ಎಂದು ಬರೆದಿದ್ದೇನೆ. ಅದು ಹಸಿರೂ ಇದ್ದಿರಬಹುದು. ಆ ವಾರ ವಿಪರೀತ ಚಳಿ ಇತ್ತು ಎಂದಿದ್ದೇನೆ. ನನಗೆ ಜ್ವರವಿದ್ದುದರಿಂದ ಊರಿಗೆಲ್ಲ ಚಳಿ ಎಂದು ನಾನೇ ತೀರ್ಮಾನಿಸಿರಬಹುದು. ಧಾರವಾಡದಲ್ಲಿ ಬಿ.ಎ. ಓದುವಾಗ ನಮ್ಮ ಇತಿಹಾಸದ ಪ್ರಾಧ್ಯಾಪಕರು, ಕಣ್ಣಾರೆ ಕಂಡೆ ಎಂದು ಹೇಳುವವರನ್ನು ಎಲ್ಲರಿಗಿಂತ ಮೊದಲು ಸಂಶಯಿಸಬೇಕು ಎಂದು ಹೇಳಿಕೊಟ್ಟಿದ್ದರು. ಆ ಮಾತನ್ನು ನಾನು ಎಷ್ಟು ಹಚ್ಚಿಕೊಂಡೆನೆಂದರೆ, ಕಂಡದ್ದನ್ನು ಅಂದಂದೇ ಬರೆದಿಟ್ಟರೆ ಮೋಸವಿಲ್ಲ ಎಂದು ದಿನಚರಿ ಇಡಲು ಶುರುಮಾಡಿದೆ. ಆ ದಿನಚರಿಯೂ ನನಗೆ ಹೇಗೆ ಕೈಕೊಟ್ಟಿತು ಎಂಬುದು ಆಮೇಲೆ ಬರುತ್ತದೆ. ಒಂದು ಸಂಗತಿಗೆ ಮಾತ್ರ ನನ್ನ ನೆನಪು ಬೇಕಿಲ್ಲ, ಸಾಕ್ಷಿ ಇದೆ. ನಮ್ಮವರು ಬಾಯಿ ಚಪ್ಪರಿಸಿ ಆಡಿದ ಒಂದು ಮಾತು ಕೇಳಿ ನನ್ನ ಕೈಯಲ್ಲಿದ್ದ ತುಂಬಿದ ತಂಬಿಗೆ ಕಲ್ಲುಹಾಸಿನ ಮೇಲೆ ಬಿತ್ತು. ತಂಬಿಗೆಗೆ ಬಿದ್ದ ತಗ್ಗು ಇವತ್ತಿಗೂ ಹಾಗೆಯೇ ಇದೆ. ದಿನಾಲು ಅದರಲ್ಲಿ ನೀರು ಕುಡಿಯುವಾಗ ಒಂದು ಕ್ಷಣ ಮತ್ತೆ ಗಾಬರಿಯಾಗುತ್ತದೆ.

ನೆಗಡಿಯಂಥ ಬಡ ಕಾಯಿಲೆಯ ವಿಷಯದಲ್ಲಿಯೂ ಲೋಕದಲ್ಲಿ ಎರಡು ಪಕ್ಷಗಳಿವೆ. ಸುರಿಯುವುದನ್ನು ಸುರಿಯಲು ಬಿಡಬೇಕು, ಮೈ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುತ್ತಿರುತ್ತದೆ, ನಡುವೆ ಕೈಹಾಕಬಾರದು ಎನ್ನುವುದು ಒಂದು ಪಕ್ಷ. ಮನುಷ್ಯನಿಗೆ ಬುದ್ಧಿ ಬಂದಿದೆ, ಗುಳಿಗೆ ಬಂದಿದೆ, ಮೂಗು ಹಿಡಿದುಕೊಂಡು ಏಳೆಂಟು ದಿನ ಯಾಕೆ ಕೂಡಬೇಕು ಎನ್ನುವುದು ಇನ್ನೊಂದು ಪಕ್ಷ. ಜತ್ತದ ನಮ್ಮ ಮಾಳಿಗೆ ಮನೆಯಲ್ಲಿ ಮೊದಲ ಪಕ್ಷಕ್ಕೆ ನನ್ನ ಅತ್ತೆ ಗೌರವ್ವನವರು ಮುಖಂಡರು. ಎರಡನೆಯ ಪಕ್ಷದಲ್ಲಿ ನಾನು ಒಬ್ಬಳೇ. ನಮ್ಮವರು ಯಾವ ಪಕ್ಷ ಎಂದು ಕೇಳಿದರೆ, ಅವರು ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟವರು. ಅಲ್ಲಿ ಶುಂಠಿಯನ್ನೂ ಮಾರುತ್ತಾರೆ, ತಲೆನೋವಿನ ಮುಲಾಮನ್ನೂ ಮಾರುತ್ತಾರೆ. ಮನೆಯಲ್ಲಿ ಬಾಯಿ ಬಿಡುವುದಿಲ್ಲ.

ಈ ಎರಡು ಪಕ್ಷಗಳ ಜಗಳ ಬರೀ ಜಗಳವಾಗಿದ್ದರೆ ಬರೆಯುವ ಕಾರಣವಿರಲಿಲ್ಲ. ಅದರ ನಡುವೆ ನನ್ನ ನೌಕರಿ ಸಿಕ್ಕಿಹಾಕಿಕೊಂಡಿತ್ತು. ಜತ್ತ ಸಂಸ್ಥಾನ ಮುಂಬೈ ಪ್ರಾಂತದಲ್ಲಿ ವಿಲೀನವಾಗಿ ಎರಡು ಮೂರು ವರ್ಷವಾಗಿತ್ತು. ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಮಾಧ್ಯಮದ ವರ್ಗಕ್ಕೆ ಕಲಿಸುವವರು ಬೇಕೆಂದು ನನ್ನನ್ನು ಹಂಗಾಮಿ ಎಂದು ತೆಗೆದುಕೊಂಡಿದ್ದರು. ಕಾಯಂ ಆಗುವುದು ಶಾಲಾ ತಪಾಸಣೆಯ ಡೆಪ್ಯುಟಿ ಸಾಹೇಬರು ಬಂದು, ನನ್ನ ಒಂದು ಪಾಠ ನೋಡಿ, ದಫ್ತರದಲ್ಲಿ ಒಳ್ಳೆಯದೋ ಕೆಟ್ಟದೋ ಏನು ಶೇರಾ ಬರೆಯುತ್ತಾರೆ ಎಂಬುದರ ಮೇಲಿತ್ತು. ನಮ್ಮ ಮನೆತನದಲ್ಲಿ ಸೊಸೆಯರು ಬಿಳೂರಿನ ಹೊಲಕ್ಕೆ ಬುತ್ತಿ ಒಯ್ದದ್ದುಂಟು, ಗಂಟೆ ಬಾರಿಸಿದ ಕೂಡಲೆ ಶಾಲೆಗೆ ಹೋದದ್ದು ಇರಲಿಲ್ಲ. ಆದೇಶದ ಕಾಗದ ಬಂದ ದಿನ ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಓದಲು ಬಾರದಿದ್ದರೂ ಓದಿದವರಂತೆ ಮಡಚಿ ಕೊಟ್ಟು ಹೇಳಿದ್ದರು: “ನೋಡವಾ ಕಮಲಾ, ಕಾಯಂ ಆತಂದ್ರ ನಾ ಬ್ಯಾಡ ಅನ್ನಂಗಿಲ್ಲ. ಆಗಲಿಲ್ಲಂದ್ರ ಮತ್ತ ಆ ಸಾಲಿ ಸುದ್ದಿ ಮನ್ಯಾಗ ತಗೀಬ್ಯಾಡ.” ಇದು ಸಿಟ್ಟಿನ ಮಾತಲ್ಲ. ಅತ್ತೆ ಸಿಟ್ಟಿಗೇಳುವುದೇ ಅಪರೂಪ. ಆದರೆ ಆಡಿದ ಮಾತನ್ನು ಅವರು ಕಟ್ಟೆಯ ಕಲ್ಲಿನಂತೆ ಇಟ್ಟುಬಿಡುತ್ತಾರೆ, ಆಮೇಲೆ ಸರಿಸುವುದಿಲ್ಲ.

ಡೆಪ್ಯುಟಿ ಸಾಹೇಬರು ಸೋಮವಾರ ಬರುತ್ತಾರೆಂದು ಗೊತ್ತಾಯಿತು. ಅದರ ಹಿಂದಿನ ಗುರುವಾರ ನನಗೆ ನೆಗಡಿ ಬಂತು. ಸಂಕ್ರಾಂತಿ ಮುಗಿದ ಹೊಸದು. ಬಂದದ್ದು ಸಾಧಾರಣ ನೆಗಡಿಯಲ್ಲ. ಮೂಗು ಸುರಿಯಿತು, ಕಣ್ಣು ಸುರಿಯಿತು, ತಲೆ ಭಾರವಾಯಿತು, ಮೈ ಕಾಯಿತು. ವರ್ಗದಲ್ಲಿ ಕರಿಹಲಗೆಯ ಮೇಲೆ ಒಂದು ಸಾಲು ಬರೆಯುವಷ್ಟರಲ್ಲಿ ಎರಡು ಸಲ ಮೂಗಿಗೆ ಸೆರಗು ಒತ್ತಬೇಕಾಗಿತ್ತು. ಸಂಜೆ ಮನೆಗೆ ಬಂದವಳೇ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು, ಒಂದು ಗುಳಿಗೆ ತೆಗೆದುಕೊಳ್ಳುತ್ತೇನೆ ಎಂದೆ.

“ಯಾಕ?” ಎಂದರು ಅತ್ತೆ. ಒಲೆಯ ಮೇಲೆ ರೊಟ್ಟಿ ಉಬ್ಬುತ್ತಿತ್ತು.

“ನೆಗಡಿ ನಿಂದ್ರಲಿ ಅಂತ್ರಿ.”

“ನಿಂದ್ರಲಿ? ಅದು ಒಳಗಿನ ಹೊಲಸು ತಗೊಂಡು ಹೊರಗ ಹೊಂಟೈತಿ. ಹೊಂಟಾವ್ರನ್ನ ಬಾಗಲಾ ಹಾಕಿ ನಿಂದ್ರಸ್ತಾರೇನು?”

“ಬರೇ ಮೂಗಲ್ರಿ ಅತ್ತಿ, ಮೈ ಸುಡಾಕತ್ತೈತ್ರಿ.”

“ಸುಡಲಿ. ಒಲಿ ಸುಡಲಾರದ ಅಡಗಿ ಆಗತೈತೇನು? ನಿನ್ನ ಮೈಯಾಗ ಈಗ ಅಡಗಿ ನಡದೈತಿ. ಅದು ಬೇಯೂತನಕ ಸುಮ್ನ ಕುಂದ್ರು.”

ನಾನು ಓದಿದವಳು, ಸುಮ್ಮನೆ ಕೂಡಲಿಲ್ಲ. ಒಲೆಗೂ ಮೈಗೂ ಹೋಲಿಕೆ ಸರಿಯಲ್ಲ, ಮೊದಲು ಅದನ್ನು ಸಿದ್ಧಮಾಡಬೇಕು ಎಂದು ಏನೋ ಅಂದೆ. ಅತ್ತೆ ರೊಟ್ಟಿ ತೆಗೆದಿಟ್ಟು ಎದ್ದರು. ಮೊಣಕಾಲು ಹಿಡಿದುಕೊಂಡು, “ಶಿವಾ” ಎಂದು ಎದ್ದರು ಎನ್ನಬೇಕು. ಏಕೆಂದರೆ ಆ ಮೊಣಕಾಲುಗಳಿಗೆ ಈ ಕಥೆಯಲ್ಲಿ ಕೆಲಸವಿದೆ. ಎರಡು ವರ್ಷದಿಂದ ಅವರು ನಿಚ್ಚಣಿಕೆ ಹತ್ತಿ ಮಾಳಿಗೆಗೆ ಹೋಗಿರಲಿಲ್ಲ. ಮೂಲೆಯಲ್ಲಿದ್ದ ಉದ್ದನೆಯ ಗಳ ತೆಗೆದುಕೊಂಡು, ಅದರ ತುದಿಗೆ ಹರಕು ಗೋಣಿಚೀಲ ಸುತ್ತಿ, ಒಲೆಯ ನೆತ್ತಿಯ ಮೇಲಿದ್ದ ಬೆಳಕಿಂಡಿಗೆ ಗಟ್ಟಿಯಾಗಿ ತುರುಕಿದರು. ಆಮೇಲೆ ಒಲೆಗೆ ಎರಡು ಹಿಡಿ ಹಸಿ ಹತ್ತಿಕಟ್ಟಿಗೆ ಹಾಕಿ, ಸೆರಗು ಮೂಗಿಗೆ ಹಿಡಿದು ನನ್ನ ಎದುರಿಗೇ ಕುಳಿತರು. ಹೊಗೆ ಮೇಲೆ ಹೋಗಿ ದಾರಿ ಕಾಣದೆ ಕೆಳಗೆ ಇಳಿಯಿತು. ಮೊದಲು ಜಂತಿ ಮಾಯವಾಯಿತು, ಆಮೇಲೆ ಗಡಿಗೆಗಳ ಸಾಲು, ಆಮೇಲೆ ಅತ್ತೆ. ಹೊಗೆಯೊಳಗಿಂದ ಅವರ ದನಿ ಮಾತ್ರ ಬಂತು: “ಈಗ ತಿಳೀತೇನು, ಹೊರಗ ಹೋಗೂದನ್ನ ತಡದ್ರ ಏನಾಗತೈತಿ?”

ನನಗೆ ಕೆಮ್ಮು ಬಂದಿತ್ತು. ಅವರಿಗೂ ಬಂದಿತ್ತು. ಆದರೆ ಇಬ್ಬರಲ್ಲಿ ಯಾರೂ ಮೊದಲು ಏಳಲು ತಯಾರಿರಲಿಲ್ಲ. ಓಣಿಯ ಆಚೆಯಿಂದ ಒಬ್ಬ ಹೆಣ್ಣುಮಗಳು, “ಗೌರವ್ವಾ, ಮನಿಗಿ ಬೆಂಕಿ ಬಿತ್ತೇನ?” ಎಂದು ಕೂಗಿದಳು. ಅತ್ತೆ ಒಳಗಿಂದಲೇ, “ಇಲ್ಲವಾ, ಸೊಸಿಗಿ ಬುದ್ಧಿ ಹೇಳಾಕತ್ತೀನಿ!” ಎಂದು ಕೂಗಿದರು. ಒಂದು ಗಂಟೆಯೊಳಗೆ ಈ ಸುದ್ದಿ ಪೇಟೆ ಮುಟ್ಟಿ, ನಮ್ಮವರು ಅಂಗಡಿ ಬಿಟ್ಟು ಓಡಿಬಂದರು. ಅತ್ತೆ ಮತ್ತು ಸೊಸೆ ಇಬ್ಬರೂ ಕಟ್ಟೆಯ ಮೇಲೆ ಕುಳಿತು, ಕೆಂಪು ಕಣ್ಣಿನಿಂದ, ಒಂದೇ ಸೆರಗಿನ ಎರಡು ತುದಿಗಳಿಗೆ ಮೂಗು ಒರೆಸಿಕೊಳ್ಳುತ್ತಿದ್ದುದನ್ನು ನೋಡಿ ಅವರು ಬಂದ ದಾರಿಯಲ್ಲೇ ಅಂಗಡಿಗೆ ಹಿಂತಿರುಗಿದರು. ಒಂದೇ ಸೆರಗು ಎಂದದ್ದು ನನ್ನ ನೆನಪು ಮಾಡಿದ ಅಲಂಕಾರವಿರಬಹುದು.

ಗುಳಿಗೆಯ ಬಾಟಲಿ ಬಂದದ್ದು ಸೋಲಾಪುರದಿಂದ. ನನ್ನ ಅಣ್ಣ ಕಳಿಸಿಕೊಟ್ಟಿದ್ದ. ಬಿಳಿ ಗುಳಿಗೆಗಳು, ಕಂದು ಬಾಟಲಿ. ಅದನ್ನು ನಾನು ಬಂದ ದಿನವೇ ಮುಚ್ಚಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಓದಿದವರ ಚಟ ಕೇಳಬೇಕೆ? ಚೀಟಿಯ ಮೇಲಿನದನ್ನೆಲ್ಲ ಕನ್ನಡ ಮಾಡಿ ಅತ್ತೆಗೆ ಓದಿ ಹೇಳಿದ್ದೆ: ತಲೆನೋವು, ನೆಗಡಿ, ಜ್ವರ, ಮೈಕೈ ನೋವು, ಕೀಲುನೋವು, ಎಲ್ಲದಕ್ಕೂ ಒಂದೇ ಗುಳಿಗೆ. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತ ಕೇಳಿಸಿಕೊಂಡು, “ಎಲ್ಲಾದಕ್ಕೂ ಒಂದ ಅಂದ್ರ ಯಾವುದಕ್ಕೂ ಅಲ್ಲ” ಎಂದು ಹೇಳಿ ಎಲೆ ಬಾಯಿಗೆ ಹಾಕಿಕೊಂಡಿದ್ದರು. ಹೊಗೆಯ ಪಾಠವಾದ ಮೇಲೆ, “ಆ ಬಾಟ್ಲಿ ಒಗದು ಬಿಡು” ಎಂದರು. ಹೂಂ ಎಂದೆ. ಒಗೆಯಲಿಲ್ಲ. ದೇವರ ಗೂಡಿನ ಮಗ್ಗುಲಲ್ಲಿಯೇ ನನ್ನ ಪುಸ್ತಕದ ಗೂಡು. ಪುಸ್ತಕಗಳ ಹಿಂದೆ ಬಾಟಲಿ ಇಟ್ಟೆ. ಅತ್ತೆಗೆ ಓದು ಬಾರದು, ಪುಸ್ತಕದ ಕಡೆ ಅವರಿಗೇನು ಕೆಲಸ ಎಂದು ನನ್ನ ಬಿ.ಎ. ನನಗೆ ಹೇಳಿತು. ಪುಸ್ತಕಗಳ ಮೇಲಿನ ಧೂಳನ್ನು ದಿನಾಲು ಯಾರು ಒರೆಸುತ್ತಾರೆ ಎಂಬುದನ್ನು ಆ ಬಿ.ಎ. ಯೋಚಿಸಲಿಲ್ಲ.

ಶುಕ್ರವಾರದಿಂದ ಬೆಳಿಗ್ಗೆ ಒಂದು, ಸಂಜೆ ಒಂದು ಗುಳಿಗೆ ಶುರುಮಾಡಿದೆ. ಜೋಳದ ಕಣಜದ ಹಿಂದೆ ಬೆಳಕು ಬಾರದ ಮೂಲೆಯಿದೆ. ಅಲ್ಲಿ ನಿಂತು, ಗುಳಿಗೆಯನ್ನು ಗಂಟಲಿಗೆ ಎಸೆದು, ಎರಡು ಗುಟುಕು ನೀರು ಕುಡಿದು, ಜೋಳ ತೆಗೆಯಲು ಬಂದವಳಂತೆ ಮೊರ ಹಿಡಿದು ಹೊರಗೆ ಬರುತ್ತಿದ್ದೆ. ಕದ್ದು ತಿನ್ನುವವರಿಗೆ ರುಚಿ ನೋಡುವ ವ್ಯವಧಾನ ಇರುವುದಿಲ್ಲ. ಇತ್ತ ಅತ್ತೆ ತಮ್ಮ ಪಕ್ಷದ ಮದ್ದುಗಳನ್ನೂ ಬಿಡಲಿಲ್ಲ. ಶುಂಠಿ, ಮೆಣಸು, ಬೆಲ್ಲದ ಕಷಾಯ, ಹುರುಳಿಯ ಕಟ್ಟು, ಬಿಸಿನೀರಿನ ಹಬೆ, ಮಲಗುವಾಗ ಹಣೆಗೆ ವಿಭೂತಿ, ನಾಲಿಗೆಗೊಂದು ಚಿಟಿಕೆ ವಿಭೂತಿ. ಇವೆಲ್ಲ ನೆಗಡಿಯನ್ನು ನಿಲ್ಲಿಸುವುದಕ್ಕಲ್ಲ, ಲಗೂನ ಹೊರಗೆ ಕಳಿಸುವುದಕ್ಕೆ ಎಂದು ಅವರ ವಾದ. ರಜೆ ಹಾಕಿ ಎರಡು ದಿನ ಮಲಗು ಎಂದೂ ಹೇಳಿದರು. “ಸೋಮಾರ ಡಿಪೂಟಿ ಸಾಹೇಬ್ರು ಬರ್ತಾರ್ರಿ, ರಜಾ ಹಾಕಿದ್ರ ಹಂಗಾಮಿ ನೌಕರಿನೂ ಹೋಗತೈತ್ರಿ” ಎಂದೆ. ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಆ ನೋಟದ ಅರ್ಥವೇನು ಎಂದು ನಾನು ಆಮೇಲೆ ಎಷ್ಟು ಸಲ ತಲೆ ಕೆಡಿಸಿಕೊಂಡಿದ್ದೇನೋ.

ಶನಿವಾರ ಹಾಗೆಯೇ ಇತ್ತು. ಭಾನುವಾರ ಸಂಜೆ ತಲೆ ಹಗುರಾಯಿತು. ಸೋಮವಾರ ಎದ್ದಾಗ ಮೂಗು ಒಣಗಿತ್ತು. ಹೊರಡುವಾಗ ಅತ್ತೆ ಬಾಗಿಲ ತನಕ ಬಂದು ನನ್ನ ಹಣೆಗೆ ಮೂರು ಬೆರಳಿನಿಂದ ವಿಭೂತಿ ಎಳೆದು, “ಧೈರ್ಯಲೆ ಕಲಸಿ ಬಾ” ಎಂದರು. ಪಾಠ ಭೂಗೋಳದ್ದು. ಮುಂಬೈ ಪ್ರಾಂತದ ನಕಾಶೆ ತೂಗುಹಾಕಿ ನದಿಗಳನ್ನು ತೋರಿಸಿದೆ. ನನ್ನ ದನಿ ನನಗೇ ಪರಕೀಯ ಅನಿಸುವಷ್ಟು ಚೊಕ್ಕಟವಾಗಿತ್ತು. ಡೆಪ್ಯುಟಿ ಸಾಹೇಬರು ಮರಾಠಿಯಲ್ಲಿ ಕೇಳಿದರೆ ಹುಡುಗಿಯರು ಕನ್ನಡದಲ್ಲಿ ಹೇಳಿದರು, ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಹೇಳಿದರು. ಎರಡೂ ಮಾತು ಆಡುವ ಜತ್ತದಲ್ಲಿ ಅದಕ್ಕೆ ಯಾರೂ ಬೆರಗಾಗುವುದಿಲ್ಲ. ಕೊನೆಗೆ ಸಾಹೇಬರು ಮುಂದಿನ ಸಾಲಿನ ಪುಟ್ಟ ಹುಡುಗಿಗೆ, ನಿಮ್ಮ ಶಿಕ್ಷಕಿ ಬಾಯಿಯವರು ಹೇಗೆ ಕಲಿಸುತ್ತಾರೆ ಎಂದು ಕೇಳಿದರು. ಅವಳು ಎದ್ದು ನಿಂತು ಕೈಕಟ್ಟಿ, “ಮೂರು ದಿನಾ ಮೂಗು ವರಸ್ಕೋತ ಕಲಸಿದ್ರಿ. ಇವತ್ತ ವರಸಲಾರದ ಕಲಸ್ಯಾರ್ರಿ” ಎಂದಳು. ಸಾಹೇಬರು ನಕ್ಕರು. ನಾನು ನಕಾಶೆಯ ಕಡೆ ತಿರುಗಿದೆ. ಆದರೆ ಶೇರಾ ಒಳ್ಳೆಯದೇ ಬಂತು. ಕಾಯಂ ಆದೆ.

ಆ ಸಂಜೆ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಮುಚ್ಚಲಿಲ್ಲ. ಅತ್ತೆಯ ಎದುರಿಗೆ ಕುಳಿತು, ಗುಳಿಗೆ ತಿಂದೇ ನನ್ನ ನೆಗಡಿ ನಿಂತದ್ದು, ಕಣಜದ ಹಿಂದೆ ತಿಂದೆ, ಇನ್ನು ಹಳೆಯ ನಂಬಿಕೆಗಳನ್ನು ಬಿಡುವ ಕಾಲ ಬಂದಿದೆ ಎಂದು ಒಂದು ಚಿಕ್ಕ ಭಾಷಣವನ್ನೇ ಮಾಡಿದೆ. ಕದ್ದು ತಿಂದದ್ದಕ್ಕೆ ಅವರು ಬಯ್ಯುತ್ತಾರೆಂದು ಕಾದೆ. ಬಯ್ಯಲಿಲ್ಲ. ಎಲೆ ಜಗಿಯುತ್ತ, “ಹೌದೇನು? ಗುಳಗಿ ಭಾಳ ಚಲೋ ಇದ್ದಾವಂದಂಗಾತು” ಎಂದಷ್ಟೇ ಹೇಳಿದರು. ಅದು ಸೋಲಿನ ದನಿ ಎಂದು ತಿಳಿದೆ. ದಿನಚರಿಯಲ್ಲಿ, “ಅತ್ತೆ ಒಪ್ಪಿಕೊಂಡರು” ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಬುಧವಾರ ನೆಗಡಿ ತಿರುಗಿ ಬಂತು. ಈ ಸಲ ಕೆಮ್ಮನ್ನೂ ಕರೆದುಕೊಂಡು ಬಂತು. ಗಂಟಲು ಕಟ್ಟಿತು, ದನಿ ಹೋಯಿತು, ಎಂಟು ದಿನ ಹಾಸಿಗೆ ಹಿಡಿದೆ. ಈಗ ಭಾಷಣದ ಸರದಿ ಅತ್ತೆಯದು. ನೋಡಲು ಬಂದವರಿಗೆಲ್ಲ, ಸೋನ್ಯಾಳದಿಂದ ಬಂದ ಬೀಗರಿಗೂ, ಒಂದೇ ಮಾತು: “ಗುಳಗಿ ನುಂಗಿ ತಡದ್ಳು. ಒಳಗ ಹ್ವಾದ ನೆಗಡಿ ಬಡ್ಡಿ ಸಮೇತ ತಿರಗಿ ಬಂತು.” ದನಿ ಇಲ್ಲದ ನಾನು ಕೌದಿಯೊಳಗಿಂದ ಬರೀ ಕೈ ಆಡಿಸುತ್ತಿದ್ದೆ. ಅದನ್ನು ಎಲ್ಲರೂ ಒಪ್ಪಿಗೆ ಎಂದು ತಿಳಿದರು.

ಎದ್ದು ಓಡಾಡುವಂತಾದ ಮೇಲೆ, ನಿಜ ಯಾವುದೆಂದು ತಿಳಿಯಬೇಕೆಂದು ದವಾಖಾನೆಗೆ ಹೋದೆ. ಡಾಕ್ಟರು ಮಿರಜ ಕಡೆಯವರು, ಕನ್ನಡ ಕಲಿತವರು. ಅವರಿಗೇ ನೆಗಡಿಯಾಗಿತ್ತು. “ಗುಳಗಿ ನೆಗಡೀನ ಓಡಸಂಗಿಲ್ರಿ ಬಾಯಿ,” ಎಂದರು ಕರವಸ್ತ್ರದ ಆಚೆಯಿಂದ. “ತ್ರಾಸ ಅಷ್ಟ ಕಮ್ಮಿ ಮಾಡತೈತಿ. ನೆಗಡಿ ತಾನ ಬರತೈತಿ, ತಾನ ಹೋಗತೈತಿ.”

“ಹಂಗಾರ ತಡದ್ರ ಒಳಗ ಹೋಗತೈತಿ ಅಂತಾರಲ್ರಿ ನಮ್ಮ ಅತ್ತಿ?”

“ಒಳಗ ಎಲ್ಲಿ ಹೋಗತೈತ್ರಿ? ಆದ್ರ ಒಂದೈತಿ. ತ್ರಾಸ ಇಲ್ಲಂತ ನೀವು ಆರಾಮಾದವ್ರಂಗ ಓಡ್ಯಾಡತೀರಿ, ಒದರತೀರಿ. ಮೈಗೆ ಬೇಕಾದ ನಿದ್ದಿ ಕೊಡಂಗಿಲ್ಲ. ಹಂಗಂದ್ರ ಮೈ ಸುಮ್ನ ಬಿಡತೈತೇನ್ರಿ?”

“ಜ್ವರ ಬಂದ್ರ ಒಳಗ ಅಡಗಿ ನಡದೈತಿ ಅಂತಾರ್ರಿ.”

ಡಾಕ್ಟರು ಕರವಸ್ತ್ರ ಇಳಿಸಿ ನನ್ನನ್ನು ನೋಡಿದರು. “ಭಾಳ ಶ್ಯಾಣ್ಯಾ ಅದಾರ್ರಿ ನಿಮ್ಮ ಅತ್ತಿ. ಸಣ್ಣ ಜ್ವರಕ್ಕ ಆ ಮಾತು ಪೂರಾ ಸುಳ್ಳಲ್ಲ. ಆದ್ರ ಒಲಿ ಭಾಳ ಉರದ್ರ ಅಡಗಿ ಸೀಯತೈತಿ ಅಂತನೂ ಅವ್ರಿಗೆ ಹೇಳ್ರಿ.” ನನ್ನನ್ನು ಅರ್ಧ ಗೆಲ್ಲಿಸಿ ಅರ್ಧ ಸೋಲಿಸಿ ಕಳಿಸಿದರು. ಎರಡರಲ್ಲಿ ಯಾವ ಅರ್ಧವನ್ನು ಮನೆಗೆ ಒಯ್ಯುವುದೆಂದು ದಾರಿಯುದ್ದಕ್ಕೂ ಯೋಚಿಸಿ, ಎರಡನ್ನೂ ಒಯ್ಯಲಿಲ್ಲ.

ಈಗ ತಂಬಿಗೆಯ ಸಂಗತಿ. ಇದಾಗಿ ಹದಿನೈದು ದಿನಕ್ಕೆ ನಮ್ಮವರಿಗೆ ತಲೆನೋವು ಬಂತು. ಮಧ್ಯಾಹ್ನ ಅಂಗಡಿಯಿಂದ ಬಂದು ಕಂಬಕ್ಕೆ ಒರಗಿ ಕುಳಿತರು. ಅತ್ತೆ ಹಿಂದಿನ ದಿನವೇ ಬಿಳೂರಿಗೆ ಹೋಗಿದ್ದರು. ಇದೇ ಸಮಯವೆಂದು ನಾನು ಪುಸ್ತಕಗಳ ಹಿಂದಿನ ಬಾಟಲಿ ತೆಗೆದು, ಒಂದು ಗುಳಿಗೆ ಅವರ ಅಂಗೈಯಲ್ಲಿಟ್ಟು, ನೀರಿನ ತಂಬಿಗೆ ತುಂಬಿಕೊಂಡು ಬಂದೆ. ನಮ್ಮವರು ನಿಧಾನದ ಮನುಷ್ಯ. ಯಾವುದನ್ನೂ ನುಂಗುವವರಲ್ಲ, ಬೆಲ್ಲ ಕೊಳ್ಳುವಾಗ ಮಾಡುವಂತೆ ಮೊದಲು ನಾಲಿಗೆಯ ಮೇಲೆ ಇಟ್ಟು ನೋಡುವವರು. ಗುಳಿಗೆಯನ್ನೂ ಹಾಗೆಯೇ ಇಟ್ಟುಕೊಂಡರು. ಬಾಯಿ ಚಪ್ಪರಿಸಿದರು. ಹುಬ್ಬು ಗಂಟಿಕ್ಕಿದರು. ಇನ್ನೊಮ್ಮೆ ಚಪ್ಪರಿಸಿದರು.

“ಕಮಲಾ, ಇದು ಗುಳಗಿ ಅಲ್ಲ. ಇದು ನಮ್ಮ ಅವ್ವನ ವಿಭೂತಿ.”

ತಂಬಿಗೆ ಬಿತ್ತು. ಹುಟ್ಟಿದ ದಿನದಿಂದ ಹಣೆಗೆ ಹಚ್ಚಿಸಿಕೊಂಡು, ಜ್ವರ ಬಂದಾಗಲೆಲ್ಲ ನಾಲಿಗೆಗೆ ಹಾಕಿಸಿಕೊಂಡು ಬೆಳೆದ ಮಗ ತಪ್ಪು ಹೇಳುವುದು ಶಕ್ಯವಿರಲಿಲ್ಲ. ಆದರೂ ಬಾಟಲಿಯನ್ನು ಬೆಳಕಿಗೆ ತಂದು ಅಂಗೈ ಮೇಲೆ ಸುರಿದೆ. ಐದೋ ಆರೋ ಇದ್ದವು. ಬಿಸಿಲಿನಲ್ಲಿ ನೋಡಿದರೆ ಕುರುಡರಿಗೂ ಗೊತ್ತಾಗುವಂತಿತ್ತು. ವಿಭೂತಿಯ ಗಟ್ಟಿಯನ್ನು ಪುಡಿಮಾಡಿ, ನೀರು ಹಾಕಿ ಕಲಸಿ, ಗುಂಡಗೆ ಉಂಡೆ ಕಟ್ಟಿ, ಚಪ್ಪಟೆ ಒತ್ತಿ, ನೆರಳಿಗೆ ಒಣಗಿಸಿದ್ದರು. ಒಂದರ ಮೇಲೆ ಹೆಬ್ಬೆರಳಿನ ಗೆರೆಗಳು ಸ್ಪಷ್ಟವಾಗಿ ಮೂಡಿದ್ದವು. ಎಂಥ ಕೆಲಸ! ಸೋಲಾಪುರದ ಗುಳಿಗೆಗಳ ಅಂಚು ಉದುರಿರುತ್ತಿತ್ತು, ಇವು ನುಣ್ಣಗಿದ್ದವು.

ಗಾಬರಿ ಇಳಿಯುತ್ತಿದ್ದಂತೆ ಲೆಕ್ಕ ಶುರುವಾಯಿತು. ಅದು ಇಳಿದ ಗಾಬರಿಗಿಂತ ದೊಡ್ಡದಾಯಿತು. ಅತ್ತೆ ಗುಳಿಗೆಗಳನ್ನು ಡೆಪ್ಯುಟಿ ಸಾಹೇಬರು ಬರುವ ಮೊದಲೇ ಬದಲಿ ಮಾಡಿದ್ದರೆ, ನಾನು ಕಣಜದ ಹಿಂದೆ ಮೂರು ದಿನ ವಿಭೂತಿ ನುಂಗಿ, ಅದರ ಬಲದ ಮೇಲೆ ನದಿಗಳನ್ನು ತೋರಿಸಿ, ಹಳೆಯ ನಂಬಿಕೆಗಳ ವಿರುದ್ಧ ಭಾಷಣ ಮಾಡಿದ್ದೆ. ನೆನೆಸಿಕೊಂಡರೆ ಇಂದಿಗೂ ಕಿವಿ ಬಿಸಿಯಾಗುತ್ತದೆ. ಆದರೆ ಹಾಗಿದ್ದರೆ ನನ್ನ ನೆಗಡಿಯನ್ನು ಯಾರೂ ತಡೆದೇ ಇರಲಿಲ್ಲ. ತಡೆಯದ ನೆಗಡಿ ಬಡ್ಡಿ ಸಮೇತ ತಿರುಗಿ ಬಂದದ್ದು ಯಾಕೆ? ಬೀಗರ ಮುಂದೆ ಅತ್ತೆ ಆಡಿದ್ದೆಲ್ಲ ಸುಳ್ಳಾಗುತ್ತದೆ. ಬದಲಿ ಮಾಡಿದ್ದು ಸಾಹೇಬರು ಹೋದ ಮೇಲೆ ಎಂದರೆ, ನಾನು ತಿಂದದ್ದು ನಿಜವಾದ ಗುಳಿಗೆ. ಆಗ ಪಾಠ ಗೆದ್ದದ್ದು ನನ್ನ ಪಕ್ಷ, ಹಾಸಿಗೆಯಲ್ಲಿ ಗೆದ್ದದ್ದು ಅತ್ತೆಯ ಪಕ್ಷ. ಯಾವ ಕಡೆಯಿಂದ ನೋಡಿದರೂ ಇಬ್ಬರಲ್ಲಿ ಯಾರೂ ಪೂರ್ತಿ ಗೆಲ್ಲುವುದಿಲ್ಲ.

ಇದು ನೆಗಡಿಯ ಲೆಕ್ಕ. ಅದರ ಕೆಳಗೆ ಇನ್ನೊಂದು ಲೆಕ್ಕವಿತ್ತು, ಅದನ್ನು ತೆಗೆಯಲು ನನಗೆ ಧೈರ್ಯ ಸಾಲದು. ಮೊದಲೇ ಬದಲಿ ಮಾಡಿದ್ದರೆ, ಸೊಸೆಯ ಮೂಗು ಸೋಮವಾರ ಸುರಿದರೆ ಸುರಿಯಲಿ, ನೌಕರಿ ಹೋದರೆ ಹೋಗಲಿ ಎಂದು ಅಂದುಕೊಂಡಿದ್ದರೇ? ಅಥವಾ ಗುಳಿಗೆಗಿಂತ ವಿಭೂತಿಯ ಮೇಲೆಯೇ ಹೆಚ್ಚು ಭರವಸೆಯಿಟ್ಟು, ಕಾಯಂ ಆಗಲೆಂದೇ ಹಾಕಿದ್ದರೇ? ಆಮೇಲೆ ಬದಲಿ ಮಾಡಿದ್ದರೆ, ನಾನು ಕದ್ದು ತಿನ್ನುವುದು ಗೊತ್ತಿದ್ದೂ, ಇದು ತಪ್ಪೆಂದು ತಿಳಿದಿದ್ದೂ, ಸೋಮವಾರ ದಾಟುವವರೆಗೆ ಬಾಯಿಮುಚ್ಚಿ ತಡೆದುಕೊಂಡಿದ್ದರೇ? ಆ ದಿನ ಅವರು ನನ್ನ ಮುಖವನ್ನು ನೋಡಿದ ನೋಟದಲ್ಲಿ ಇದರಲ್ಲಿ ಯಾವುದೋ ಒಂದು ಇತ್ತು.

ಮರುದಿನ ಅತ್ತೆ ಬಿಳೂರಿನಿಂದ ಬಂದರು. ಕೇಳಲೇಬೇಕೆಂದು ನಾನು ಸಂಜೆ ಶಾಲೆಯಿಂದ ಓಡೋಡಿ ಬಂದೆ. ಅಡುಗೆಮನೆಯಲ್ಲಿ ಇರಲಿಲ್ಲ, ಕಟ್ಟೆಯ ಮೇಲೆ ಇರಲಿಲ್ಲ. “ಅತ್ತಿ” ಎಂದು ಕೂಗಿದೆ. “ಇಲ್ಲಿ ಅದೀನಿ” ಎಂದು ಆಕಾಶದಿಂದ ದನಿ ಬಂತು. ಬೆಳಕಿಂಡಿಯಲ್ಲಿ ಅವರ ಮುಖ ಕಂಡಿತು. ಎರಡು ವರ್ಷ ನಿಚ್ಚಣಿಕೆ ಮುಟ್ಟದವರು ಮಾಳಿಗೆಯ ಮೇಲೆ ಕುಳಿತು, ಒಣಹಾಕಿದ ಮೆಣಸಿನಕಾಯಿಗಳನ್ನು ಒಟ್ಟುಮಾಡುತ್ತಿದ್ದರು. ಒಂದು ಗುಟ್ಟು ಬಿಡಿಸಲು ಬಂದವಳಿಗೆ ಇನ್ನೊಂದು ತಾನಾಗಿಯೇ ಬಿಚ್ಚಿಕೊಂಡಿತು. ನಿಜವಾದ ಗುಳಿಗೆಗಳು ಎಲ್ಲಿ ಹೋದವು ಎಂದು ನಾನು ಯೋಚಿಸಿಯೇ ಇರಲಿಲ್ಲ!

“ಅತ್ತಿ! ನನ್ನ ಗುಳಗಿ ನೀವು ತಿಂದ್ರಿ?”

“ಒಗದು ಬಿಡು ಅಂದಿದ್ದೆ. ನೀ ಒಗೀಲಿಲ್ಲ. ಒಗಿಯೂ ಪದಾರ್ಥ ಯಾರ ತಿಂದ್ರೇನು?”

“ಗುಳಗಿ ತಡೀತೈತಿ ಅಂದ್ರಲ್ರಿ. ಹೊಗಿ ಹಾಕಿ ಕಣ್ಣಾಗ ನೀರು ತರಸಿದ್ರಲ್ರಿ!”

ಅತ್ತೆ ಮೇಲಿನಿಂದ ನನ್ನನ್ನು, ಪಾಠ ತಿಳಿಯದ ಹುಡುಗಿಯನ್ನು ನೋಡುವಂತೆ ನೋಡಿದರು. “ನೆಗಡಿ ಹರಿಯೂದು. ಹರಿಯೂದನ್ನ ತಡೀಬಾರದು. ನನ್ನ ಮೊಣಕಾಲು ಎಲ್ಲರೆ ಹರದು ಹೋಗತಾವೇನು? ಅವು ಇದ್ದಲ್ಲೇ ಇರತಾವ. ಅವಕ್ಕ ಗುಳಗಿ ನಡೀತೈತಿ. ನೀನ ಓದಿ ಹೇಳಿದ್ದಿ ಕೀಲುನೋವಿಗೂ ಆಗತೈತಿ ಅಂತ.”

ಈ ವಾದಕ್ಕೆ ಯಾವ ವಿಶ್ವವಿದ್ಯಾಲಯದಲ್ಲಿಯೂ ಉತ್ತರ ಕಲಿಸುವುದಿಲ್ಲ. ಇದ್ದ ಒಂದೇ ಪ್ರಶ್ನೆಯನ್ನು ಕೇಳಿದೆ: ಬದಲಿ ಮಾಡಿದ್ದು ಯಾವಾಗ? ಅತ್ತೆಯ ಮುಖ ಬೆಳಕಿಂಡಿಯಿಂದ ಸರಿಯಿತು. “ಮೆಣಸಿನಕಾಯಿ ಚೀಲ ಮ್ಯಾಲ ಕೊಡು” ಎಂದು ದನಿ ಬಂತು. ಕೊಟ್ಟೆ.

ಆಗ ನನಗೆ ದಿನಚರಿ ನೆನಪಾಯಿತು. ಅತ್ತೆಯ ಮೊಣಕಾಲು ಯಾವ ದಿನದಿಂದ ಸುಧಾರಿಸಿತು, ಅವರು “ಶಿವಾ” ಎನ್ನದೆ ಎದ್ದದ್ದು ಯಾವತ್ತು ಎಂದು ಗೊತ್ತಾದರೆ, ಗುಳಿಗೆಗಳು ಯಾವತ್ತು ಕೈ ಬದಲಾದವು ಎಂಬುದೂ ಗೊತ್ತಾಗುತ್ತದೆ. ಇದಕ್ಕಾಗಿಯೇ ಅಲ್ಲವೇ ನಾನು ದಿನಚರಿ ಇಟ್ಟದ್ದು! ಓಡಿಹೋಗಿ ತೆಗೆದೆ. ಗುರುವಾರ: ನನ್ನ ಮೂಗು. ಶುಕ್ರವಾರ: ನನ್ನ ತಲೆ, ನನ್ನ ಗುಳಿಗೆ, “ಕಹಿ ಇತ್ತು.” ಕಹಿ! ನೋಡಿ, ಇದೇ ಪುರಾವೆ ಎಂದು ಹಿಗ್ಗಿದೆ. ಶನಿವಾರ, ಭಾನುವಾರ, ಬೆಳಿಗ್ಗೆ, ಸಂಜೆ: ಕಹಿ, ಕಹಿ, ಕಹಿ. ಪುಟ ತಿರುಗಿಸಿದೆ. ಹಾಸಿಗೆ ಹಿಡಿದ ಎಂಟು ದಿನಗಳಲ್ಲಿಯೂ “ಗುಳಿಗೆ ತಗೊಂಡೆ. ಕಹಿ.” ಆ ಹೊತ್ತಿಗೆ ಬಾಟಲಿಯಲ್ಲಿ ಇದ್ದದ್ದು ವಿಭೂತಿಯೇ ಇರಬೇಕಲ್ಲ, ಕದ್ದು ತಿಂದದ್ದನ್ನು ನಾನೇ ಹೇಳಿದ ಮೇಲೆ ಅತ್ತೆ ನಿಜವಾದ ಗುಳಿಗೆಯನ್ನು ಅದರಲ್ಲಿ ಬಿಟ್ಟಿರುವವರಲ್ಲ. ಗುಳಿಗೆ ಕಹಿ ಇರಬೇಕೆಂದು ನಾನೇ ಗೊತ್ತುಮಾಡಿಕೊಂಡು, ನಾಲಿಗೆಯನ್ನು ಕೇಳದೆ ಬರೆದಿದ್ದೆ. ಇನ್ನು ಅತ್ತೆಯ ಮೊಣಕಾಲಿನ ಬಗ್ಗೆ? ಒಂದು ಸಾಲೂ ಇಲ್ಲ. ಎರಡು ವರ್ಷದ ದಿನಚರಿ ಹುಡುಕಿದೆ. ಅವರು ನೋವಿನಿಂದ ಎದ್ದದ್ದು, ಕುಳಿತದ್ದು, ಮಾಳಿಗೆ ಹತ್ತಲಾರದೆ ಗಳ ಹಿಡಿದದ್ದು, ಎಲ್ಲಿಯೂ ಇಲ್ಲ. ನನ್ನ ನೆಗಡಿಯ ಒಂದೊಂದು ಹನಿಗೂ ಲೆಕ್ಕವಿದೆ. ಕಣ್ಣಾರೆ ಕಂಡ ಸಾಕ್ಷಿಯನ್ನು ಸಂಶಯಿಸಿ ಎಂದಿದ್ದ ಪ್ರಾಧ್ಯಾಪಕರು, ಕಣ್ಣೆದುರಿಗೆ ಇದ್ದೂ ಕಾಣದ ಸಾಕ್ಷಿಯನ್ನು ಏನು ಮಾಡಬೇಕೆಂದು ಹೇಳಿಕೊಟ್ಟಿರಲಿಲ್ಲ.

ಇದೆಲ್ಲ ಆಗಿ ಆರೇಳು ವರ್ಷವಾಯಿತು. ಆಮೇಲೆ ಎರಡು ಸಲ ಡೆಪ್ಯುಟಿ ಸಾಹೇಬರು ಬಂದರು. ನೆಗಡಿ ಇಲ್ಲದಿದ್ದರೂ ಎರಡು ಸಲವೂ ನಾನು ಒಂದು ಗುಳಿಗೆ, ಒಂದು ಚಿಟಿಕೆ ವಿಭೂತಿ, ಎರಡನ್ನೂ ತೆಗೆದುಕೊಂಡೇ ಹೋದೆ. ಯಾವುದಕ್ಕೆ ಬೇಕಾದರೂ ಶ್ರೇಯಸ್ಸು ಹೋಗಲಿ, ನನಗೆ ಶೇರಾ ಸಾಕು. ಮೊನ್ನೆ ಮಂಗಳವಾರ ಅತ್ತೆಗೆ ನೆಗಡಿ ಬಂತು. ವಯಸ್ಸಾಗಿದೆ, ಈ ಸಲ ಸ್ವಲ್ಪ ಜೋರಾಗಿಯೇ ಹಿಡಿಯಿತು. ನಾನು ಕಷಾಯ ಕುದಿಸಿ ಒಯ್ದೆ, ಹಣೆಗೆ ವಿಭೂತಿ ಹಚ್ಚಿದೆ. ಅವರು ಕಷಾಯ ಕುಡಿದು, ಆಚೆ ಈಚೆ ನೋಡಿ, ಮೆಲ್ಲಗೆ ಕೇಳಿದರು: “ಆ ಗುಳಗಿ ಅದಾವೇನ?”

“ನೆಗಡಿಗೇನ್ರಿ?” ಎಂದೆ, ನನ್ನ ಕಿವಿಯನ್ನು ನಂಬದೆ.

“ಮೊಣಕಾಲಿಗೆ. ನೆಗಡಿಗೆ ಗೊತ್ತಾಗೂದು ಬ್ಯಾಡ.”

ತಂದುಕೊಟ್ಟೆ. ಅತ್ತೆ ಗುಳಿಗೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಉಳಿದಿರುವ ಎರಡು ಹಲ್ಲುಗಳ ನಡುವೆ ಇಟ್ಟು ಕಡಿದರು. ಬಾಯಿ ಚಪ್ಪರಿಸಿ, ಮುಖ ಕಿವುಚಿ, “ಕಹಿ ಐತಿ. ಖರೇದೈತಿ” ಎಂದು ನುಂಗಿದರು. ಆಮೇಲೆ ಕೌದಿಯನ್ನು ಮುಖದ ತನಕ ಎಳೆದುಕೊಂಡರು. ತಗ್ಗು ಬಿದ್ದ ತಂಬಿಗೆ ಕೈಯಲ್ಲಿ ಹಿಡಿದು ನಾನು ಅಲ್ಲಿಯೇ ಕುಳಿತೆ. ಕೌದಿ ಒಮ್ಮೆ ಸೀನಿತು, ಸುಮ್ಮನಾಯಿತು. ನಿದ್ದೆ ಬಂದಿರಲಿಲ್ಲ ಎಂಬುದು ನನಗೆ ಗೊತ್ತು, ಗೊತ್ತು ಎಂದುಕೊಂಡಿದ್ದೇನೆ. ಬಗ್ಗಿ, ಕೌದಿಯ ಮೇಲಿನಿಂದಲೇ ಕೇಳಿದೆ, ಇದನ್ನು ಬರೆಯುವ ಹೊತ್ತಿನ ತನಕ ಈ ಒಂದು ಪ್ರಶ್ನೆಗೆ ಮಾತ್ರ ಉತ್ತರ ಬಂದಿಲ್ಲ:

“ಅತ್ತಿ, ಆವಾಗ ಗುಳಗಿ ಬದಲಿ ಮಾಡಿದ್ದು ಡಿಪೂಟಿ ಸಾಹೇಬ್ರು ಬರೂಕಿಂತ ಮೊದಲೋ, ಬಂದು ಹ್ವಾದ ಮ್ಯಾಲೋ?”